ಇಸ್ಪೀಟು ಎಲೆಗಳ ಕಟ್ಟು ಮತ್ತು ಸಂಭವನೀಯತೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಹತ್ತನೆಯ ತರಗತಿಯ ಮತ್ತು ಪಿಯುಸಿಯ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುವ ನನಗೆ, ಸಂಭವನೀಯತೆಯ ಅಧ್ಯಾಯ ಶುರುವಾದ ವಾರ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಪ್ರತಿ ವರ್ಷವೂ ಅವೇ ಆಗಿರುತ್ತವೆ. ಕೇಳುವವರಲ್ಲಿ ಮಕ್ಕಳಿರುತ್ತಾರೆ, ಅವರನ್ನು ಕರೆದೊಯ್ಯಲು ಬಂದು ಬಾಗಿಲ ಬಳಿ ನಿಂತ ಹಿರಿಯರೂ ಇರುತ್ತಾರೆ. ಅವರಿಗೆಲ್ಲ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಬೇರೆ ಮಾತು ಹೇಳದ ಕಡೆಯಲ್ಲೆಲ್ಲ ಕಟ್ಟನ್ನು ಚೆನ್ನಾಗಿ ಕಲೆಸಲಾಗಿದೆ, ಎಲೆಯನ್ನು ನೋಡದೆ ತೆಗೆಯಲಾಗಿದೆ ಎಂದೇ ಇಟ್ಟುಕೊಳ್ಳಬೇಕು.

ನಮ್ಮ ಮನೆಯಲ್ಲಿ ಯಾರೂ ಎಲೆ ಆಡುವುದಿಲ್ಲ. ಕಟ್ಟಿನಲ್ಲಿ ಏನೇನಿರುತ್ತದೆ?

ಒಂದು ಕಟ್ಟಿನಲ್ಲಿ 52 ಎಲೆಗಳು, ನಾಲ್ಕು ಗುಂಪುಗಳು, ಗುಂಪಿಗೆ 13 ಎಲೆಗಳು. ಇಸ್ಪೀಟು ಮತ್ತು ಕಳಾವರ್ ಕಪ್ಪು. ಆಟೀನು ಮತ್ತು ಡೈಮಂಡು ಕೆಂಪು. ಪ್ರತಿ ಗುಂಪಿನಲ್ಲೂ ಒಂದು ಎಕ್ಕ, 2ರಿಂದ 10ರವರೆಗಿನ ಒಂಬತ್ತು ಎಲೆಗಳು, ಆಮೇಲೆ ಗುಲಾಮ, ರಾಣಿ, ರಾಜ. ಹೀಗಾಗಿ ಕಪ್ಪು 26, ಕೆಂಪು 26, ಎಕ್ಕ 4, ಮುಖಚಿತ್ರವಿರುವ ಎಲೆಗಳು 12. ಎಕ್ಕಕ್ಕೆ ಆಟದಲ್ಲಿ ಎಷ್ಟೇ ಬೆಲೆಯಿದ್ದರೂ ಅದರ ಮೇಲೆ ಮುಖವಿಲ್ಲ, ಆದ್ದರಿಂದ ಅದು ಆ ಹನ್ನೆರಡರಲ್ಲಿ ಸೇರುವುದಿಲ್ಲ. ಈ ಒಂದು ತಪ್ಪಿನಿಂದಲೇ 12/52 ಇರಬೇಕಾದ ಜಾಗದಲ್ಲಿ 16/52 ಬರೆದು ಅಂಕ ಕಳೆದುಕೊಳ್ಳುವವರನ್ನು ಪ್ರತಿ ಸಲ ನೋಡುತ್ತೇನೆ.

ಎಲೆಯನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದವರು ಒಂದು ಕಟ್ಟು ತಂದು ನೆಲದ ಮೇಲೆ ನಾಲ್ಕು ಸಾಲಾಗಿ ಜೋಡಿಸಿ ನೋಡುವುದು ಒಳ್ಳೆಯದು. ತರಿಸುವಾಗ ಮಾತ್ರ ಬಿಡಿಸಿ ಹೇಳಬೇಕು. ಒಮ್ಮೆ ನಾನು ಹುಡುಗನೊಬ್ಬನ ಕೈಗೆ ದುಡ್ಡು ಕೊಟ್ಟು "ಒಂದು ಕಟ್ಟು ಎಲೆ ತಗೊಂಡು ಬಾರಪ್ಪ" ಎಂದು ಕಳಿಸಿದೆ. ಅವನು ಬಾಳೆನಾರಿನಲ್ಲಿ ಕಟ್ಟಿದ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ವೀಳ್ಯದೆಲೆ ತಂದು ಮೇಜಿನ ಮೇಲಿಟ್ಟ.

"ಇಸ್ಪೀಟಿನ ಎಲೆ ಬರುವ ಸಂಭವನೀಯತೆ ಎಷ್ಟು" ಎಂದರೆ ಉತ್ತರ 1 ಆಗಬೇಕಲ್ಲವೇ?

ಚೇಷ್ಟೆಗೆ ಕೇಳುವ ಪ್ರಶ್ನೆಯಾದರೂ ನ್ಯಾಯವಾದದ್ದು. ನಮ್ಮ ಮಾತಿನಲ್ಲಿ ಇಸ್ಪೀಟು ಎಂದರೆ ಇಡೀ ಕಟ್ಟಿನ ಹೆಸರೂ ಹೌದು, ನಾಲ್ಕರಲ್ಲಿ ಒಂದು ಗುಂಪಿನ ಹೆಸರೂ ಹೌದು. ಮೊದಲನೆಯ ಅರ್ಥದಲ್ಲಿ ಉತ್ತರ 52/52, ಅಂದರೆ 1. ಎರಡನೆಯ ಅರ್ಥದಲ್ಲಿ 13/52, ಅಂದರೆ 1/4. ಪರೀಕ್ಷೆಯಲ್ಲಿ ಗುಂಪುಗಳಿಗೆ ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್ ಎಂಬ ಹೆಸರುಗಳೇ ಬರುವುದರಿಂದ ಅಲ್ಲಿ ಗೊಂದಲವಾಗುವುದಿಲ್ಲ. ಇಸ್ಪೀಟು ಸ್ಪೇಡ್, ಆಟೀನು ಹಾರ್ಟ್, ಕಳಾವರ್ ಕ್ಲಬ್ ಎಂದು ಹೊಂದಿಸಿಕೊಂಡರೆ ಸಾಕು.

ಲೆಕ್ಕದ ಮೂಲ ಸೂತ್ರ ಯಾವುದು?

ಅನುಕೂಲವಾದ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಬೇಕು. ಎಲ್ಲ ಫಲಿತಗಳಿಗೂ ಸಮಾನ ಅವಕಾಶವಿರಬೇಕು ಎಂಬುದಷ್ಟೇ ಷರತ್ತು. ರಾಜ ಬರುವ ಸಂಭವನೀಯತೆ 4/52 = 1/13, ಕೆಂಪು ರಾಜ 2/52 = 1/26, ಆಟೀನು ರಾಜ 1/52. ರಾಜ ಬಾರದಿರುವುದು ಪೂರಕ ಘಟನೆ, ಅದರ ಸಂಭವನೀಯತೆ 1 − 1/13 = 12/13.

ಸೂತ್ರವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೂ ತಪ್ಪುವವರು ತಪ್ಪುವುದು ಛೇದದಲ್ಲಿ. ಈ ಗಳಿಗೆಯಲ್ಲಿ ಕಟ್ಟಿನಲ್ಲಿ ಎಷ್ಟು ಎಲೆಗಳಿವೆ, ಅವುಗಳಲ್ಲಿ ಯಾವುದನ್ನು ನಾವು ಈಗಾಗಲೇ ನೋಡಿದ್ದೇವೆ ಎಂಬೆರಡನ್ನು ಮೊದಲು ಬರೆದುಕೊಂಡು ಆಮೇಲೆ ಅಂಶದ ಕಡೆಗೆ ಹೋಗಬೇಕೆಂಬುದು ನನ್ನ ಒತ್ತಾಯ. ಮುಂದಿನ ಉತ್ತರಗಳಲ್ಲಿ ಬಹುಪಾಲು ಇದೇ ಮಾತಿನ ವಿಸ್ತರಣೆ.

"ರಾಣಿ ಅಥವಾ ಆಟೀನು" ಎಂದಾಗ 4ನ್ನೂ 13ನ್ನೂ ಕೂಡಿಸಬಾರದೇಕೆ?

ಆಟೀನು ರಾಣಿ ಎರಡು ಪಟ್ಟಿಯಲ್ಲೂ ಇದ್ದಾಳೆ. ಕೂಡಿಸಿದರೆ ಅವಳನ್ನು ಎರಡು ಸಲ ಎಣಿಸಿದಂತಾಗಿ 17 ಬರುತ್ತದೆ; ಒಂದು ಕಳೆದರೆ 16, ಸಂಭವನೀಯತೆ 16/52 = 4/13. "ರಾಣಿ ಅಥವಾ ರಾಜ" ಎಂದಿದ್ದರೆ ಒಂದೇ ಎಲೆ ಎರಡೂ ಆಗುವಂತಿಲ್ಲ, ಅಲ್ಲಿ ಕಳೆಯುವ ಪ್ರಶ್ನೆಯೇ ಬರುವುದಿಲ್ಲ, ಉತ್ತರ 8/52 = 2/13.

1/13 ಎಂದರೆ ಹದಿಮೂರು ಸಲಕ್ಕೆ ಒಂದು ಸಲ ಎಕ್ಕ ಬರಲೇಬೇಕೇ?

ಬರಲೇಬೇಕೆಂದಿಲ್ಲ. ಒಬ್ಬ ಹುಡುಗ ಪ್ರತಿ ಸಲವೂ ಎಲೆ ತೆಗೆದು, ನೋಡಿ, ಮರಳಿ ಇಟ್ಟು, ಕಲೆಸಿ, ಹದಿಮೂರು ಸಲ ಪ್ರಯತ್ನಿಸಿ ಒಂದೂ ಎಕ್ಕ ಸಿಗದೆ "ಸರ್, ಪುಸ್ತಕವೇ ತಪ್ಪು" ಎಂದು ತೀರ್ಪು ಕೊಟ್ಟಿದ್ದ. ಅವನಿಗೆ ಲೆಕ್ಕ ಮಾಡಿಯೇ ತೋರಿಸಬೇಕಾಯಿತು. ಒಂದು ಸಲ ಎಕ್ಕ ಬಾರದಿರುವ ಸಂಭವನೀಯತೆ 12/13. ಹದಿಮೂರು ಸಲವೂ ಬಾರದಿರುವುದು 12/13ನ್ನು ಹದಿಮೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.353. ಹಾಗೆ ಹದಿಮೂರು ಸಲ ತೆಗೆಯುವ ಆಟಕ್ಕೆ ಕೂತವರಲ್ಲಿ ಸರಿಸುಮಾರು ಮೂರರಲ್ಲೊಬ್ಬರು ಬರಿಗೈಲಿ ಏಳುತ್ತಾರೆ. ಅವನಿಗೆ ಆದದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಸಾವಿರಾರು ಸಲ ತೆಗೆದಾಗ ಎಕ್ಕದ ಪಾಲು ಹದಿಮೂರರಲ್ಲೊಂದರ ಹತ್ತಿರಕ್ಕೆ ಬರುತ್ತ ಹೋಗುತ್ತದೆ ಎಂಬುದು ಆ ಸಂಖ್ಯೆಯ ಅರ್ಥ.

ಎಲೆಗಳನ್ನು ಮರಳಿ ಇಡದೆ ಹದಿಮೂರನ್ನು ಒಟ್ಟಿಗೆ ತೆಗೆದರೆ ಎಕ್ಕವೇ ಇಲ್ಲದಿರುವ ಸಂಭವನೀಯತೆ ಸುಮಾರು 0.304ಕ್ಕೆ ಇಳಿಯುತ್ತದೆ, ಏಕೆಂದರೆ ಹೊರಬಂದ ಪ್ರತಿ ಬೇರೆ ಎಲೆಯೂ ಉಳಿದ ಕಟ್ಟಿನಲ್ಲಿ ಎಕ್ಕಗಳ ಪಾಲನ್ನು ಹೆಚ್ಚಿಸುತ್ತದೆ.

ಮರಳಿ ಇಡುವುದಕ್ಕೂ ಇಡದಿರುವುದಕ್ಕೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯಲ್ಲಿ ಹೇಳಬಹುದೇ?

ಎರಡು ಎಲೆ ತೆಗೆದಾಗ ಎರಡೂ ಎಕ್ಕವಾಗಿರುವುದನ್ನೇ ನೋಡೋಣ. ಮೊದಲ ಎಲೆಯನ್ನು ಮರಳಿ ಇಟ್ಟು ಕಲೆಸಿದರೆ ಎರಡನೆಯ ಸಲವೂ ಕಟ್ಟು ಮೊದಲಿನಂತೆಯೇ ಇರುತ್ತದೆ; ಘಟನೆಗಳು ಸ್ವತಂತ್ರ; 4/52 × 4/52 = 1/169. ಮರಳಿ ಇಡದಿದ್ದರೆ ಎರಡನೆಯ ಸಲ ಉಳಿದಿರುವುದು 51 ಎಲೆ, 3 ಎಕ್ಕ; 4/52 × 3/51 = 1/221. ಪ್ರಶ್ನೆಯಲ್ಲಿ "ಒಟ್ಟಿಗೆ ಎರಡು ಎಲೆಗಳನ್ನು" ಎಂದಿದ್ದರೆ ಅದು ಮರಳಿ ಇಡದ ಲೆಕ್ಕವೇ.

ಮೊದಲ ಎಲೆಯನ್ನು ನೋಡದೆ ಪಕ್ಕಕ್ಕೆ ಇಟ್ಟರೆ ಎರಡನೆಯದು ಎಕ್ಕವಾಗುವ ಸಂಭವನೀಯತೆ ಎಷ್ಟು?

4/52, ಅಂದರೆ 1/13, ಮೊದಲಿನಷ್ಟೇ. ಈ ಉತ್ತರವನ್ನು ಮಕ್ಕಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕಟ್ಟಿನಲ್ಲಿ ಈಗ 51 ಎಲೆ ಇರುವಾಗ ಛೇದದಲ್ಲಿ 52 ಹೇಗೆ ಬಂತು ಎಂಬುದು ಅವರ ತಕರಾರು. ಬಿಡಿಸಿ ನೋಡಿದರೆ ಹೀಗಿದೆ: ಪಕ್ಕಕ್ಕಿಟ್ಟದ್ದು ಎಕ್ಕವಾಗಿದ್ದರೆ (ಸಂಭವನೀಯತೆ 1/13) ಮುಂದಿನದು ಎಕ್ಕವಾಗುವುದು 3/51, ಎಕ್ಕವಲ್ಲದಿದ್ದರೆ (12/13) 4/51. ಎರಡು ದಾರಿಗಳನ್ನೂ ಸೇರಿಸಿದರೆ 3/663 + 48/663 = 51/663 = 1/13.

ನೋಡದ ಎಲೆ ಕಟ್ಟಿನ ತಳದಲ್ಲಿದ್ದರೇನು, ಮೇಜಿನ ಮೇಲಿದ್ದರೇನು, ನಮಗೆ ಅದರಿಂದ ಹೊಸದಾಗಿ ತಿಳಿದದ್ದು ಏನೂ ಇಲ್ಲ. ತಿಳಿವಳಿಕೆ ಬದಲಾಗದೆ ಸಂಭವನೀಯತೆ ಬದಲಾಗುವುದಿಲ್ಲ. ಅದೇ ಎಲೆಯನ್ನು ತಿರುವಿ ನೋಡಿದ ಕೂಡಲೇ ಉತ್ತರ 3/51 ಅಥವಾ 4/51 ಆಗಿಬಿಡುತ್ತದೆ. ಪಿಯುಸಿಯಲ್ಲಿ ಬರುವ ಷರತ್ತುಬದ್ಧ ಸಂಭವನೀಯತೆಯ ತಿರುಳು ಇಲ್ಲೇ ಇದೆ.

ನಮ್ಮ ಮನೆಯ ಹಳೆಯ ಕಟ್ಟಿನಲ್ಲಿ ಒಂದು ಎಲೆ ಎಲ್ಲೋ ಕಳೆದುಹೋಗಿ 51 ಉಳಿದಿದ್ದವು. ಕಳೆದದ್ದು ಯಾವುದೆಂದು ಗೊತ್ತಿಲ್ಲದಿರುವ ತನಕ ಅದರಲ್ಲೂ ಎಕ್ಕ ಬರುವ ಸಂಭವನೀಯತೆ 1/13 ಎಂದೇ ಹೇಳುತ್ತಿದ್ದೆವು, ಅದು ಸರಿಯೂ ಆಗಿತ್ತು. ಅಟ್ಟದ ಮೇಲಿನ ಟ್ರಂಕಿನಡಿಯಲ್ಲಿ ಕಳಾವರ್ ಎಕ್ಕ ಸಿಕ್ಕ ದಿನ, ಕೈಯಲ್ಲಿದ್ದ ಆ 51 ಎಲೆಗಳ ಮಟ್ಟಿಗೆ ಉತ್ತರ 3/51, ಅಂದರೆ 1/17 ಆಯಿತು.

"ಕನಿಷ್ಠ ಒಂದು" ಎಂದು ಬಂದರೆ ಏನು ಮಾಡಬೇಕು?

ನೇರವಾಗಿ ಎಣಿಸಲು ಹೋಗಬೇಡಿ. "ಒಂದೂ ಇಲ್ಲ" ಎಂಬುದರ ಸಂಭವನೀಯತೆ ಕಂಡುಹಿಡಿದು 1ರಿಂದ ಕಳೆಯಿರಿ. ಮೂರು ಎಲೆಗಳಲ್ಲಿ ಕನಿಷ್ಠ ಒಂದು ಎಕ್ಕ ಬೇಕೆಂದರೆ, ಒಂದೂ ಎಕ್ಕವಿಲ್ಲದಿರುವುದು 48/52 × 47/51 × 46/50, ಸುಮಾರು 0.783, ಉತ್ತರ ಸುಮಾರು 0.217. 1/13ನ್ನು ಮೂರು ಸಲ ಕೂಡಿಸಿ 3/13, ಅಂದರೆ 0.231 ಎಂದು ಬರೆಯುವವರಿದ್ದಾರೆ. ಎರಡು ಎಕ್ಕ ಬಂದ ಸಂದರ್ಭವನ್ನು ಎರಡು ಸಲವೂ, ಮೂರು ಬಂದದ್ದನ್ನು ಮೂರು ಸಲವೂ ಎಣಿಸಿದ್ದರಿಂದ ಆ ಹೆಚ್ಚಳ ಬಂತು. ಹೀಗೆ ಕೂಡಿಸುತ್ತ ಹೋದರೆ ಹದಿನಾಲ್ಕು ಎಲೆಗೆ ಸಂಭವನೀಯತೆ 14/13 ಆಗಿ ಒಂದನ್ನೇ ದಾಟುತ್ತದೆ ಎಂದು ತೋರಿಸಿದರೆ ಮಕ್ಕಳು ತಾವಾಗಿಯೇ ಕೈಬಿಡುತ್ತಾರೆ.

ಕೆಲವು ಎಲೆಗಳನ್ನು ಮೊದಲೇ ತೆಗೆದಿಟ್ಟ ಲೆಕ್ಕಗಳು ಕಷ್ಟವೆನಿಸುತ್ತವೆ.

ತೆಗೆದದ್ದನ್ನು ಎರಡು ಕಡೆಯಿಂದಲೂ ಕಳೆಯಿರಿ, ಅಷ್ಟೇ. ಕೆಂಪು ಬಣ್ಣದ ರಾಜ, ರಾಣಿ, ಗುಲಾಮರನ್ನೆಲ್ಲ ತೆಗೆದರೆ 6 ಎಲೆ ಹೋಗಿ 46 ಉಳಿಯುತ್ತವೆ. ಆಗ ಕಪ್ಪು ಎಲೆ ಬರುವುದು 26/46 = 13/23, ಆಟೀನು 10/46 = 5/23, ಎಕ್ಕ 4/46 = 2/23. ಜೋಕರ್ ಸೇರಿಸುವುದೂ ಇದೇ ಲೆಕ್ಕದ ತಿರುವು: ಎರಡು ಜೋಕರ್ ಸೇರಿದರೆ ಛೇದ 54, ಎಕ್ಕ ಬರುವುದು 4/54 = 2/27.

ಐದು ಸಲ ಸಾಲಾಗಿ ಕೆಂಪು ಬಂದರೆ ಆರನೆಯ ಸಲ ಕಪ್ಪು ಬರುವುದು ಹೆಚ್ಚು ಖಚಿತವಲ್ಲವೇ?

ಎಲೆಗಳನ್ನು ಮರಳಿ ಇಟ್ಟು ಕಲೆಸುತ್ತಿದ್ದರೆ ಖಂಡಿತ ಅಲ್ಲ. ಕಟ್ಟಿಗೆ ಹಿಂದಿನದು ನೆನಪಿರುವುದಿಲ್ಲ, ಸಂಭವನೀಯತೆ 1/2 ಮಾತ್ರ. ಮರಳಿ ಇಡದೆ ತೆಗೆಯುತ್ತಿದ್ದರೆ ಮಾತ್ರ ಪ್ರಶ್ನೆ ಕೇಳಿದವರ ಊಹೆಯಲ್ಲಿ ಹುರುಳಿದೆ: 47 ಎಲೆಗಳಲ್ಲಿ 26 ಕಪ್ಪು, 26/47, ಸುಮಾರು 0.553. ಜನ ಈ ಎರಡನೆಯ ಸಂದರ್ಭದ ಅನುಭವವನ್ನು ಮೊದಲನೆಯದಕ್ಕೂ ಹಚ್ಚಿಕೊಳ್ಳುತ್ತಾರೆ. ಸತತ ಮೂರು ಹೆಣ್ಣುಮಕ್ಕಳಾದವು, ಇನ್ನು ಗಂಡೇ ಎನ್ನುವವರೂ ಮಾಡುವುದು ಇದೇ ತಪ್ಪನ್ನು.

ಕಟ್ಟನ್ನು ಎಷ್ಟು ಸಲ ಕಲೆಸಿದರೆ ಸಾಕು?

ಕಟ್ಟನ್ನು ಎರಡು ಭಾಗ ಮಾಡಿ, ಅಂಚುಗಳನ್ನು ಹೆಬ್ಬೆರಳಿನಿಂದ ಬಿಡುತ್ತ ಒಂದರೊಳಗೊಂದು ಸೇರಿಸುವ ಪದ್ಧತಿಗೆ ಸುಮಾರು ಏಳು ಸಲ ಬೇಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ನಮ್ಮ ಕಡೆ ಹಬ್ಬದ ದಿನ ಕಟ್ಟೆಯ ಮೇಲೆ ಎರಡು ಸಲ ಮೇಲೆಕೆಳಗೆ ಮಾಡಿ ಹಂಚಿಬಿಡುವ ಕಲೆಸಾಟ ಇದರ ಸಮೀಪಕ್ಕೂ ಬರುವುದಿಲ್ಲ. 52 ಎಲೆಗಳನ್ನು ಜೋಡಿಸಬಹುದಾದ ವಿಧಗಳ ಸಂಖ್ಯೆ 68 ಅಂಕಿಗಳಷ್ಟು ಉದ್ದವಾದದ್ದು. ಚೆನ್ನಾಗಿ ಕಲೆಸಿದ ಕಟ್ಟೊಂದು ನಿಮ್ಮ ಕೈಯಲ್ಲಿದ್ದರೆ, ಆ ಜೋಡಣೆ ಹಿಂದೆ ಯಾರ ಕೈಗೂ ಬಂದಿರಲಿಲ್ಲ ಎಂದು ಹೆಚ್ಚುಕಡಿಮೆ ಧೈರ್ಯವಾಗಿಯೇ ಹೇಳಬಹುದು.

ಮೂರೆಲೆ ಆಟದಲ್ಲಿ ಯಾವ ಕೈ ಎಷ್ಟು ಅಪರೂಪ?

ಇಲ್ಲಿ ವಿಕಲ್ಪಗಳು ಬೇಕಾಗುತ್ತವೆ. ಎಲೆಗಳ ಕ್ರಮ ಲೆಕ್ಕಕ್ಕಿಲ್ಲದ ಕಾರಣ 52ರಲ್ಲಿ 3ನ್ನು ಆರಿಸುವ ವಿಧಗಳು 52 × 51 × 50 ÷ 6 = 22,100. ಇವುಗಳಲ್ಲಿ ಒಂದೇ ಅಂಕೆಯ ಮೂರು ಎಲೆಗಳು 52 ವಿಧ: ಹದಿಮೂರು ಅಂಕೆಗಳು, ಪ್ರತಿಯೊಂದರ ನಾಲ್ಕು ಎಲೆಗಳಲ್ಲಿ ಒಂದನ್ನು ಬಿಡುವ ನಾಲ್ಕು ದಾರಿಗಳು. ಒಂದೇ ಗುಂಪಿನ ಸಾಲು ಎಲೆಗಳು 48 ವಿಧ. ಎಕ್ಕ-2-3ರಿಂದ ರಾಣಿ-ರಾಜ-ಎಕ್ಕದವರೆಗೆ ಸಾಲುಗಳು 12, ಗುಂಪುಗಳು 4. ಗುಂಪು ಬೆರೆತ ಸಾಲು 720, ಸಾಲಾಗದ ಒಂದೇ ಗುಂಪಿನ ಎಲೆಗಳು 1,096, ಜೋಡಿ 3,744. ಉಳಿದ 16,440, ಅಂದರೆ ಶೇಕಡಾ 74ಕ್ಕಿಂತ ತುಸು ಹೆಚ್ಚು, ಏನೂ ಕೂಡಿಬರದ ಕೈಗಳು.

ಗಮನಿಸಿ ನೋಡಿದವರಿಗೆ ಒಂದು ಸ್ವಾರಸ್ಯ ಕಾಣುತ್ತದೆ. ಆಟದ ನಿಯಮದಲ್ಲಿ ಒಂದೇ ಅಂಕೆಯ ಮೂರು ಎಲೆಗಳೇ ಎಲ್ಲಕ್ಕಿಂತ ಮೇಲು. ಆದರೆ ಎಣಿಕೆಯಲ್ಲಿ ಅದಕ್ಕಿಂತಲೂ ಅಪರೂಪವಾದದ್ದು ಒಂದೇ ಗುಂಪಿನ ಸಾಲು, 52ಕ್ಕೆ ಎದುರಾಗಿ 48. ವರ್ಷಗಟ್ಟಲೆ ಆಡಿದವರಿಗೂ ಇದು ಗೊತ್ತಿರುವುದು ಕಡಿಮೆ. ವ್ಯತ್ಯಾಸ ಅಷ್ಟು ಸಣ್ಣದು, ಅನುಭವದಿಂದ ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಎಣಿಸಿದವರಿಗೆ ಮಾತ್ರ ಸಿಗುತ್ತದೆ.

ಅಂದರ್-ಬಾಹರ್‌ನಲ್ಲಿ ಎರಡೂ ಬದಿಗೆ ಸಮಾನ ಅವಕಾಶವಿದೆ ಎನ್ನುತ್ತಾರೆ. ನಿಜವೇ?

ಪೂರ್ತಿ ನಿಜವಲ್ಲ. ನಡುವೆ ಒಂದು ಎಲೆ ತೆರೆದಿಟ್ಟು, ಒಳಗೊಂದು ಹೊರಗೊಂದು ಎಂದು ಎಲೆ ಹಾಕುತ್ತ ಹೋಗಿ, ಅದೇ ಅಂಕೆಯ ಎಲೆ ಮೊದಲು ಯಾವ ಬದಿಗೆ ಬೀಳುತ್ತದೆಯೋ ಆ ಬದಿ ಗೆಲ್ಲುತ್ತದೆ. ನಡುವಿನ ಎಲೆ ಹೋದ ಮೇಲೆ ಉಳಿಯುವುದು 51 ಸ್ಥಾನಗಳು, ಅದೇ ಅಂಕೆಯ 3 ಎಲೆಗಳು. ಈ ಮೂರು ಎಲೆಗಳು ಕೂರಬಹುದಾದ ವಿಧಗಳು 51 × 50 × 49 ÷ 6 = 20,825. ಮೂರರಲ್ಲಿ ಮೊದಲು ಬರುವುದು ಬೆಸ ಸ್ಥಾನದಲ್ಲಿದ್ದರೆ ಮೊದಲು ಎಲೆ ಬಿದ್ದ ಬದಿ ಗೆದ್ದಂತೆ. ಅದು 1ನೆಯ ಸ್ಥಾನದಲ್ಲಿದ್ದರೆ ಉಳಿದೆರಡು ಎಲೆಗಳಿಗೆ 50 × 49 ÷ 2 = 1,225 ವಿಧ, 3ನೆಯದರಲ್ಲಿದ್ದರೆ 48 × 47 ÷ 2 = 1,128, 5ನೆಯದರಲ್ಲಿದ್ದರೆ 1,035, ಹೀಗೆ ಇಳಿಯುತ್ತ 49ನೆಯದರಲ್ಲಿ 1. ಎಲ್ಲವನ್ನೂ ಕೂಡಿಸಿದರೆ 10,725. ಇನ್ನೊಂದು ಬದಿಗೆ ಉಳಿಯುವುದು 10,100. ಮೊದಲ ಎಲೆ ಪಡೆಯುವ ಬದಿಯ ಸಂಭವನೀಯತೆ 0.515, ಎದುರು ಬದಿಯದು 0.485.

ಹಾಗಾದರೆ ಯಾವಾಗಲೂ ಮೊದಲ ಬದಿಗೇ ಕಟ್ಟಿದರಾಯಿತಲ್ಲ ಎಂದು ಕೇಳಿದ ಹಿರಿಯರೊಬ್ಬರಿಗೆ ಇದರ ಮುಂದಿನ ಲೆಕ್ಕವನ್ನೂ ಹೇಳಿದ್ದೆ. ಆಡಿಸುವವನು ಗೆದ್ದ ಪ್ರತಿ 100 ರೂಪಾಯಿಯಲ್ಲಿ 10 ರೂಪಾಯಿ ಮುರಿದುಕೊಂಡರೆ, ಗೆದ್ದಾಗ ಕೈಗೆ ಬರುವುದು 90, ಸೋತಾಗ ಹೋಗುವುದು 100; 0.515 × 90 − 0.485 × 100, ಅಂದರೆ ಒಳ್ಳೆಯ ಬದಿಗೆ ಕಟ್ಟಿದವರೂ ಪ್ರತಿ ನೂರಕ್ಕೆ ಸರಾಸರಿ 2 ರೂಪಾಯಿಗೂ ಹೆಚ್ಚು ಕಳೆದುಕೊಳ್ಳುತ್ತಾರೆ. ಎದುರು ಬದಿಯವರಿಗೆ ಈ ನಷ್ಟ 7 ರೂಪಾಯಿ 85 ಪೈಸೆಯ ಹತ್ತಿರ. ಹಣ ಕಟ್ಟಿ ಈ ಆಟ ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧವೆಂಬುದು ಬೇರೆ.

ಓದುವ ಮಕ್ಕಳ ಕೈಗೆ ಇಸ್ಪೀಟು ಕೊಡುವುದು ಸರಿಯೇ?

ಈ ಆಕ್ಷೇಪ ಬಂದಾಗ ನಾನು ಬೇಸರಪಟ್ಟುಕೊಳ್ಳುವುದಿಲ್ಲ, ಏಕೆಂದರೆ ಎಲೆಯಾಟದಿಂದ ಹಾಳಾದ ಮನೆಗಳನ್ನು ಕಂಡವರೇ ಹಾಗೆ ಕೇಳುತ್ತಾರೆ. ನನ್ನ ಉತ್ತರ ಇಷ್ಟು: ಅರ್ಧಕ್ಕೆ ನಿಂತ ಆಟದ ಪಣವನ್ನು ಇಬ್ಬರು ಆಟಗಾರರಿಗೆ ಹೇಗೆ ಹಂಚಬೇಕೆಂಬ ಪ್ರಶ್ನೆಯ ಬಗ್ಗೆ 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಿಂದ ಈ ಗಣಿತ ಬೆಳೆಯಿತು, ಇವತ್ತು ವಿಮೆಯ ಕಂತು, ಔಷಧದ ಪರೀಕ್ಷೆ, ಮಳೆಯ ಮುನ್ಸೂಚನೆ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಇದರ ಮೇಲೆಯೇ ನಿಂತ ಸಂಖ್ಯಾಶಾಸ್ತ್ರದಲ್ಲಿ ಜಗತ್ತಿಗೇ ದೊಡ್ಡ ಹೆಸರಾದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಇಲ್ಲಿಂದ ಹರಪನಹಳ್ಳಿ ದಾಟಿದರೆ ಸಿಗುವ ಹೂವಿನಹಡಗಲಿಯಲ್ಲಿ ಎಂದು ಹೇಳಿದರೆ ಹಿರಿಯರ ಮುಖ ತುಸು ಸಡಿಲವಾಗುತ್ತದೆ. ಆದರೂ ಬೇಡವೆನ್ನುವವರು ರಟ್ಟಿನ 52 ಚೀಟಿ ಕತ್ತರಿಸಿ, ನಾಲ್ಕು ಬಣ್ಣದಲ್ಲಿ 1ರಿಂದ 13ರವರೆಗೆ ಬರೆದುಕೊಳ್ಳಲಿ. ಲೆಕ್ಕದಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಾಗುವುದಿಲ್ಲ.

ಗಂಜೀಫಾ ಎಲೆಗಳಿಗೂ ಇದೇ ಲೆಕ್ಕ ನಡೆಯುತ್ತದೆಯೇ?

ನಡೆಯುತ್ತದೆ, ಛೇದ ಬದಲಾಗುತ್ತದೆ. 96 ಎಲೆಗಳ ಗಂಜೀಫಾದಲ್ಲಿ 8 ಗುಂಪುಗಳು, ಗುಂಪಿಗೆ 12 ಎಲೆ. ರಾಜ ಬರುವುದು 8/96. ದಶಾವತಾರ ಗಂಜೀಫಾದಲ್ಲಿ 10 ಗುಂಪು, 120 ಎಲೆ. ರಾಜ ಬರುವುದು 10/120. ಎರಡೂ 1/12 ಆಗುವುದು ಏಕೆಂದು ಯೋಚಿಸುವುದನ್ನು ಓದುಗರಿಗೇ ಬಿಡುತ್ತೇನೆ.

ಪರೀಕ್ಷೆಯಲ್ಲಿ ಉತ್ತರವನ್ನು ಯಾವ ರೂಪದಲ್ಲಿ ಬರೆಯಬೇಕು?

ಮೊದಲ ಸಾಲಿನಲ್ಲಿ ಒಟ್ಟು ಫಲಿತಗಳ ಸಂಖ್ಯೆ, ಎರಡನೆಯದರಲ್ಲಿ ಅನುಕೂಲವಾದವು, ಮೂರನೆಯದರಲ್ಲಿ 4/52 ಎಂಬ ಸಂಕ್ಷೇಪಿಸದ ಭಿನ್ನರಾಶಿ, ಕೊನೆಗೆ 1/13. ನೇರವಾಗಿ 1/13 ಎಂದು ಬರೆದುಬಿಟ್ಟರೆ ಎಣಿಕೆ ಹೇಗೆ ಬಂತೆಂದು ತಿದ್ದುವವರಿಗೆ ಕಾಣುವುದಿಲ್ಲ, ಮತ್ತು ಸಂಕ್ಷೇಪಿಸುವಾಗ ಕೈತಪ್ಪಿದ್ದರೆ ನಿಮಗೂ ಅದು ಸಿಗುವುದಿಲ್ಲ. ಉತ್ತರ 1ಕ್ಕಿಂತ ಹೆಚ್ಚಾಗಿ ಬಂದಿದ್ದರೆ ಮುಂದಿನ ಪ್ರಶ್ನೆಗೆ ಹೋಗದೆ ಮೊದಲ ಸಾಲಿಗೆ ಮರಳಿ, ಛೇದವನ್ನು ಇನ್ನೊಮ್ಮೆ ಎಣಿಸಿ.